ಹಂದಿ ಹೊಲದಲ್ಲಿ ಪಾಪ್ಲರ್ ಸಾಲು

ದೆಹಲಿಯಿಂದ ಚಂಡೀಗಢದ ಕಡೆ ಹೋದವರು ಗೋಧಿ ಹೊಲಗಳ ಅಂಚಿನಲ್ಲಿ ಸಾಲಾಗಿ ನಿಂತ ಪಾಪ್ಲರ್ ಮರಗಳನ್ನು ನೋಡಿರುತ್ತೀರಿ. ಇಲ್ಲಿ ಅವು ಪ್ಲೈವುಡ್‌ಗೆ. ಡೆನ್ಮಾರ್ಕಿನ ಕೆಲವು ಸಾವಯವ ರೈತರು ಪಾಪ್ಲರನ್ನು ಹಂದಿಗಳಿಗಾಗಿ ನೆಟ್ಟಿದ್ದಾರೆ.

ಅಲ್ಲಿ ಸಾವಯವ ತಾಯಿ ಹಂದಿಗಳು ಬಯಲಿನ ಪುಟ್ಟ ಗುಡಿಸಲುಗಳಲ್ಲೇ ಮರಿ ಹಾಕುತ್ತವೆ. 40 ದಿನ ತುಂಬುವ ಮೊದಲು ಮರಿಗಳನ್ನು ತಾಯಿಯಿಂದ ಬೇರ್ಪಡಿಸುವಂತಿಲ್ಲ. ಕೇಳಲು ಚೆಂದ. ಆದರೆ ಹಂದಿ ಹೆಚ್ಚುಕಡಿಮೆ ಬೆವರುವುದೇ ಇಲ್ಲ. ಬಿಸಿಲಿಗೆ ಚರ್ಮ ಸುಡುತ್ತದೆ. ಮೂತಿಯಿಂದ ಅಗೆದಗೆದು ಹುಲ್ಲು ಹೋದ ಮೇಲೆ ಮಲಮೂತ್ರದ ಸಾರಜನಕವನ್ನು ಹೀರುವ ಬೇರಿಲ್ಲ. ಮಳೆ ಬಂದಾಗ ಅದು ನೈಟ್ರೇಟ್ ಆಗಿ ಕೆಳಗಿಳಿಯುತ್ತದೆ. ಡೆನ್ಮಾರ್ಕಿನ ನಲ್ಲಿಗಳಲ್ಲಿ ಬರುವುದು ಅಂತರ್ಜಲವೇ. ಹಂದಿ ಸುಖವಾಗಿದ್ದು ಊರಿನ ನೀರು ಕೆಟ್ಟರೆ ಅದೆಂಥ ಸಾವಯವ?

ಪಾಪ್ಲರ್ ನೆರಳೂ ಕೊಡುತ್ತದೆ, ಸಾರಜನಕವನ್ನೂ ಹೀರುತ್ತದೆ. ಹಂದಿ ಗಲೀಜು ಪ್ರಾಣಿ ಎನ್ನುತ್ತೇವಲ್ಲ, ಜಾಗ ಸಿಕ್ಕರೆ ಅದು ಮಲಗುವ, ತಿನ್ನುವ ಕಡೆ ಹೊಲಸು ಮಾಡುವುದಿಲ್ಲ. ಹಾಗಾಗಿ ಗುಡಿಸಲು, ಮೇವಿನ ತೊಟ್ಟಿ ಒಂದು ಕಡೆ. ಮರಸಾಲು ಇನ್ನೊಂದು ಕಡೆ. ಕಡಿದ ಮರ ಚೂರಾಗಿ ಉರುವಲಿಗೆ ಹೋಗುತ್ತದೆ, ಬುಡ ಮತ್ತೆ ಚಿಗುರುತ್ತದೆ.

ಕಷ್ಟವೆಲ್ಲ ಎಳೆ ಸಸಿಯದು. ಬಿಟ್ಟರೆ ಹಂದಿ ಬುಡ ಅಗೆದು, ತೊಗಟೆ ಸುಲಿದುಬಿಡುತ್ತದೆ. ಬೇಲಿ ಹಾಕಿ ಮರವಾಗುವವರೆಗೆ ಕಾಯಬೇಕು. ಅಷ್ಟು ದಿನ ಆ ಜಾಗ ಹಂದಿಗೂ ಇಲ್ಲ, ರೈತನ ಲೆಕ್ಕಕ್ಕೂ ಇಲ್ಲ.