ಕೆಲಸ ಕೂಡಿಸುವ ಲೆಕ್ಕ

ಬೈಲಹೊಂಗಲದ ಹತ್ತಿ ಜಿನ್ನೊಂದರ ಮಾಲಿಕನಿಗೆ ಫಿಟ್ಟರ್ ಒಬ್ಬನು ಬೇಕಾಗಿದ್ದಾನೆ. ಅದೇ ದಿನ ರಾಮದುರ್ಗದಲ್ಲಿ ಮಗ್ಗಗಳ ದುರಸ್ತಿ ಬಲ್ಲ ತರುಣನೊಬ್ಬನು ಕೆಲಸವಿಲ್ಲದೆ ಕುಳಿತಿದ್ದಾನೆ. ಹೀಗೆಂದು ಊಹಿಸಿಕೊಳ್ಳೋಣ. ಇಬ್ಬರ ಕಿಸೆಯಲ್ಲಿಯೂ ಮೊಬೈಲು ಉಂಟು. ಆದರೂ ಒಬ್ಬನ ಸುದ್ದಿ ಇನ್ನೊಬ್ಬನಿಗೆ ಮುಟ್ಟದು. ಇಂಥವರನ್ನು ಕೂಡಿಸುವ ಜಾಲತಾಣವನ್ನು ಒಬ್ಬನೇ ಮನುಷ್ಯನು ಬೆಳೆಸಬಲ್ಲನೆ?

ತಾಣವನ್ನು ನಿರ್ಮಿಸುವುದು ಈಗ ದೊಡ್ಡ ಮಾತಲ್ಲ. ತೊಡಕು ಇರುವುದು ಬೇರೆಡೆ. ಕೆಲಸಗಳಿಲ್ಲದ ತಾಣಕ್ಕೆ ಕೆಲಸಗಾರನು ಬಾರನು; ಕೆಲಸಗಾರರಿಲ್ಲದ ತಾಣಕ್ಕೆ ಮಾಲಿಕನು ಬಾರನು.

ಸ್ವಲ್ಪ ಗಣಿತ ಮಾಡೋಣ. ನಮ್ಮ ಉದ್ಯಮಿಯು ಬಹಳ ಶ್ರಮಪಟ್ಟು 40 ಕೆಲಸಗಳನ್ನೂ 40 ಮಂದಿ ಕೆಲಸಗಾರರನ್ನೂ ದೊರಕಿಸಿದನೆನ್ನಿ. ಅವರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಸಮನಾಗಿ ಹಂಚಿಹೋಗಿದ್ದು, ಯಾರೂ ಊರು ಬಿಟ್ಟು ಹೋಗಲೊಲ್ಲರೆಂದರೆ, ಒಂದೊಂದು ಊರಿನಲ್ಲಿ ಸಾಧ್ಯವಾದ ಜೋಡಿಗಳು 10 × 10, ಅಂದರೆ 100, ನಾಲ್ಕೂರಿಗೆ 400. ಅಷ್ಟೂ ಜನ ಬೈಲಹೊಂಗಲವೊಂದರಲ್ಲಿಯೇ ಇದ್ದರೆ 40 × 40, ಅಂದರೆ 1600! ಶ್ರಮ ಅಷ್ಟೇ, ಫಲದ ಸಂಭವ ನಾಲ್ಕು ಪಟ್ಟು. ಕಸಬುಗಳೂ ಹಂಚಿಹೋದರೆ ಗತಿ ಇನ್ನೂ ಕೆಡುವುದು. ದರ್ಜಿಯ ಕೆಲಸಕ್ಕೆ ಚಾಲಕನು ಒದಗನಷ್ಟೆ. ಒಂದೂರಿನ ಹತ್ತು ಮಂದಿ ಐದು ಕಸಬುಗಳಲ್ಲಿ ಇಬ್ಬಿಬ್ಬರಂತೆ ಇದ್ದರೆ, 100 ಜೋಡಿಗಳು 20ಕ್ಕೆ ಇಳಿಯುತ್ತವೆ.

ಕಲ್ಲುಸಕ್ಕರೆ ಕಟ್ಟುವ ಬಗೆ ಇದನ್ನೇ ನೆನಪಿಗೆ ತರುತ್ತದೆ. ಗಟ್ಟಿ ಪಾಕದಲ್ಲಿ ಅಲ್ಲಲ್ಲಿ ಮೂಡುವ ಅತಿ ಸೂಕ್ಷ್ಮ ಕಣಗಳು ಮತ್ತೆ ಕರಗಿಹೋಗುತ್ತವೆ. ಒಂದು ನಿರ್ದಿಷ್ಟ ಗಾತ್ರವನ್ನು ಮೀರಿದ ಕಣ ಮಾತ್ರ ಬೆಳೆಯುತ್ತದೆ. ಆದುದರಿಂದಲೇ ನಾವು ಪಾಕದಲ್ಲಿ ನೂಲನ್ನು ಇಳಿಬಿಡುವುದು.

1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ರೇಗ್ ನ್ಯೂಮಾರ್ಕ್ ಎಂಬವರು ಊರಿನ ಕಾರ್ಯಕ್ರಮಗಳ ಸುದ್ದಿಯನ್ನು ಗೆಳೆಯರಿಗೆ ಇ-ಮೇಲ್ ಮೂಲಕ ಕಳುಹಿಸತೊಡಗಿದರು. ಕ್ರಮೇಣ ಅದರಲ್ಲಿ ಕೆಲಸದ ಜಾಹೀರಾತುಗಳೂ ಸೇರಿದುವು. ಆ ‘ಕ್ರೇಗ್ಸ್‌ಲಿಸ್ಟ್’ ಬಾಸ್ಟನ್ ನಗರಕ್ಕೆ ಕಾಲಿಟ್ಟುದು 2000ದಲ್ಲಿ. ಅಲ್ಲಿಯವರೆಗೆ ಒಂದೇ ಊರು. ನಮ್ಮ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿದ್ದ ಷಾನ್ ಬ್ಲಾಗ್ಸ್‌ವೆಟ್ ಅವರು 2007ರಲ್ಲಿ ಸಂಗಡಿಗರೊಡನೆ ‘ಬಾಬಾಜಾಬ್’ ಆರಂಭಿಸಿದರು. ಪರಿಚಯಸ್ಥರ ಮೂಲಕ ಕೆಲಸ ಸಿಕ್ಕವರು ಬಡತನದಿಂದ ಪಾರಾಗುವುದನ್ನು ಅನಿರುದ್ಧ ಕೃಷ್ಣ ಅವರ ಅಧ್ಯಯನದಲ್ಲಿ ಓದಿದುದೇ ಅದಕ್ಕೆ ಪ್ರೇರಣೆ. ಮನೆಗೆಲಸದವರು, ಅಡಿಗೆಯವರು, ಚಾಲಕರು—ಇವರಿಗಾಗಿ ಹುಟ್ಟಿದ ಆ ಸಂಸ್ಥೆಯನ್ನು 2017ರಲ್ಲಿ ‘ಕ್ವಿಕರ್’ ಕೊಂಡಿತು.

ನಮ್ಮ ವಿದ್ಯಾರ್ಥಿಗಳಿಗೆ ಮೊದಲು ಹೊಳೆಯುವುದು ಗಣಕದ ಸೂತ್ರ. ಇಂಥ ಜೋಡಣೆಗೆ ಗೇಲ್ ಮತ್ತು ಶಾಪ್ಲಿ 1962ರಲ್ಲಿ ಕೊಟ್ಟ ಕ್ರಮ ಬಹು ಸೊಗಸಾದುದು ನಿಜ. ಆದರೆ ಹತ್ತು ಫಿಟ್ಟರುಗಳಿಗೆ ಸೂತ್ರವೇಕೆ? ಒಂದು ನೋಟುಪುಸ್ತಕ, ಒಂದು ದೂರವಾಣಿ ಸಾಕು. ನೋಂದಣಿಯ ಸಂಖ್ಯೆಯನ್ನು ಕಂಡು ಹಿಗ್ಗುವುದೂ ಭ್ರಮೆಯೇ. ಒಂದು ಕೆಲಸ ತುಂಬಲು ಎಷ್ಟು ದಿನ ಹಿಡಿಯಿತೆಂಬುದನ್ನು ಅಳೆಯಬೇಕು. ಆ ದಿನಗಳು ಕಡಮೆಯಾಗಿ ನಿಂತ ಮೇಲೆ ಕಿತ್ತೂರಿನ ಮಾತು.

ರಾಮದುರ್ಗದ ತರುಣನ ಗತಿ? ಬೈಲಹೊಂಗಲಕ್ಕೆ ಬಂದು ನೆಲೆಸಲು ಅವನು ಒಪ್ಪಿದರೆ ಅವನ ಹೆಸರೂ ಪಟ್ಟಿಗೆ ಸೇರುವುದು. ಒಪ್ಪದಿದ್ದರೆ, ಸದ್ಯಕ್ಕೆ ತನ್ನಿಂದಾಗದೆಂದು ಉದ್ಯಮಿಯು ಅವನಿಗೆ ಅಂದೇ ತಿಳಿಸಬೇಕು. ಏಕೆಂದರೆ ಅವನು ಆ ಕರೆಗಾಗಿ ಕಾದು, ಪುಣೆಯ ಬಸ್ಸು ಹತ್ತದೆ ಕುಳಿತಿರಬಹುದು.