ಹಲ್ಲು ಎಣಿಸಿ, ಬೆಟ್ಟ ಹತ್ತಿ

ಹುಲ್ಲಿನ ಹೊರೆಯನ್ನು ಕ್ಯಾರಿಯರಿಗೆ ಬಿಗಿದುಕೊಂಡು ಏರು ಹತ್ತುವ ಹಳ್ಳಿ ಹುಡುಗನನ್ನು ನೋಡಿದ್ದೀರಲ್ಲ? ಅವನು ನೇರ ಹೋಗುವುದಿಲ್ಲ. ರಸ್ತೆಯ ಎಡ ಅಂಚಿನಿಂದ ಬಲ ಅಂಚಿಗೆ, ಅಲ್ಲಿಂದ ಮತ್ತೆ ಎಡಕ್ಕೆ, ಹಾವಿನ ಹಾಗೆ ಅಡ್ಡಡ್ಡ ಸೈಕಲ್ ಹೊಡೆಯುತ್ತಾನೆ. ಹಿಂದಿನಿಂದ ಬಂದ ಲಾರಿಯವನು ಹಾರ್ನ್ ಬಾರಿಸಿ ಬೈಯುತ್ತಾನೆ. ಹುಡುಗನಿಗೆ ಯಾರೂ ಭೌತಶಾಸ್ತ್ರ ಹೇಳಿಕೊಟ್ಟಿಲ್ಲ, ಮೊಣಕಾಲು ಹೇಳಿಕೊಟ್ಟಿದೆ. ದೂರ ಹೆಚ್ಚಾದರೆ ಆಗಲಿ, ತುಳಿತ ಹಗುರಾಗಲಿ ಎಂಬುದು ಅವನ ಉಪಾಯ.

ಬೆಟ್ಟದ ಪಂದ್ಯಕ್ಕೆ ಬರುವ ಲಕ್ಷಾಂತರ ರೂಪಾಯಿಯ ಕಾರ್ಬನ್ ಸೈಕಲ್ಲಿನ ಹಿಂದಿನ ಚಕ್ರದಲ್ಲಿರುವುದೂ ಇದೇ ಉಪಾಯ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲ ದಾರಿಯೂ ಇದೆ, ಸುತ್ತಿ ಸುತ್ತಿ ಹೋಗುವ ಡಾಂಬರು ರಸ್ತೆಯೂ ಇದೆ. ಎರಡೂ ಏರುವ ಎತ್ತರ ಒಂದೇ. ಘಾಟಿ ರಸ್ತೆ ಎಂದರೆ ಬೆಟ್ಟದ ಮೈಮೇಲೆ ಕೊರೆದಿಟ್ಟ ಗೇರು ಅಷ್ಟೆ.

ಈಗ ನಂದಿಗೆ ಬನ್ನಿ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ಆಚೆ, ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದ ಬೆಟ್ಟ. ರಜಾದಿನ ಬೆಳಕು ಹರಿಯುವ ಮೊದಲೇ ಬುಡದಲ್ಲಿ ಸೈಕಲ್ಲಿನವರು ಜಮಾಯಿಸಿರುತ್ತಾರೆ. ಇಲ್ಲಿ ಪಂದ್ಯಗಳೂ ನಡೆಯುತ್ತವೆ. ಅವುಗಳ ಒಂದು ಬಗೆಯಲ್ಲಿ ಸ್ಪರ್ಧಿಗಳನ್ನು ಒಟ್ಟಿಗೆ ಬಿಡುವುದಿಲ್ಲ, ಸ್ವಲ್ಪ ಸ್ವಲ್ಪ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಎದುರಾಳಿ ಕಣ್ಣಿಗೆ ಕಾಣುವುದಿಲ್ಲ, ಕೈಗಡಿಯಾರವೇ ಎದುರಾಳಿ.

ಸ್ಪರ್ಧಿ 70 ಕಿಲೋ, ಸೈಕಲ್ 8 ಕಿಲೋ ಎಂದಿಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಏರಬೇಕಾದ ಎತ್ತರ 400 ಮೀಟರ್ ಎಂದುಕೊಳ್ಳೋಣ. 78 ಕಿಲೋವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 3 ಲಕ್ಷ 6 ಸಾವಿರ ಜೂಲ್. ಕಾಲುಗಳು 200 ವ್ಯಾಟ್ ಕೊಡುತ್ತವೆ ಎಂದರೆ ಇಪ್ಪತ್ತೈದೂವರೆ ನಿಮಿಷ ಬೇಕು. 200 ವ್ಯಾಟ್ ಕಮ್ಮಿಯೇನಲ್ಲ, ಅಭ್ಯಾಸವಿಲ್ಲದವರು ಅಷ್ಟನ್ನು ಅಷ್ಟು ಹೊತ್ತು ಕೊಡಲಾರರು. ಆದರೂ ಅಡುಗೆಮನೆಯಲ್ಲಿ ಚಟ್ನಿ ರುಬ್ಬುವ 750 ವ್ಯಾಟಿನ ಮಿಕ್ಸಿಯ ಮುಂದೆ ಅದು ಮೂರನೇ ಒಂದು ಭಾಗವೂ ಅಲ್ಲ. ಮನುಷ್ಯ ಎಂಬ ಎಂಜಿನ್ನು ಇಷ್ಟೇ.

ಈ ಎಂಜಿನ್ನಿಗೆ ಇನ್ನೊಂದು ದೋಷ. ತಿಂದ ಅನ್ನದ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಕಾಲು ಭಾಗ, ಬಹಳ ಸಲ ಅದಕ್ಕೂ ಸ್ವಲ್ಪ ಕಮ್ಮಿ. ಉಳಿದದ್ದೆಲ್ಲ ಶಾಖ. 200 ವ್ಯಾಟ್ ತುಳಿಯುವವನ ಮೈಯಿಂದ 600ಕ್ಕೂ ಹೆಚ್ಚು ವ್ಯಾಟ್ ಕಾವು ಹೊರಬೀಳಬೇಕು. ಅದನ್ನು ಬೆವರೇ ಒಯ್ಯಬೇಕೆಂದರೆ ಗಂಟೆಗೆ ಲೀಟರಿನ ಹತ್ತಿರ ಬೆವರು ಆರಬೇಕು. ಸಮತಟ್ಟಿನಲ್ಲಿ ಬೀಸುವ ಗಾಳಿ ಅದನ್ನು ಆರಿಸುತ್ತದೆ. ಏರಿನಲ್ಲಿ ವೇಗವೇ ಇಲ್ಲ, ಗಾಳಿ ಎಲ್ಲಿಂದ ಬರಬೇಕು? ಬೆವರು ಆರುವ ಬದಲು ಹಣೆಯಿಂದ ಇಳಿದು ಮೂಗಿನ ತುದಿಯಿಂದ ಹ್ಯಾಂಡಲ್ ಮೇಲೆ ತೊಟ್ಟಿಕ್ಕುತ್ತದೆ. ನಂದಿಯ ಬೆಳಗಿನ ಚಳಿಯಲ್ಲೂ ಸೈಕಲ್ಲಿನವರು ಜಾಕೆಟ್ ಬಿಚ್ಚಿ ಬೆನ್ನ ಜೇಬಿಗೆ ತುರುಕುವುದು ಇದಕ್ಕೇ.

ಗಾಳಿಯ ಮಾತು ಬಂತು. ಪಂದ್ಯದ ಸ್ವಭಾವವೇ ಬದಲಾಗುವುದು ಇಲ್ಲಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳಲೆಂದೇ ಸುಮಾರು 110 ವ್ಯಾಟ್ ಹೋಗುತ್ತದೆ. ಆದ್ದರಿಂದ ಬುದ್ಧಿವಂತರು ಮುಂದಿನವನ ಬೆನ್ನಿಗೆ ಅಂಟಿಕೊಂಡು ಅವನ ಮರೆಯಲ್ಲಿ ಸಾಗುತ್ತಾರೆ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ವೇಗ 10 ಕಿಲೋಮೀಟರಿಗೆ ಇಳಿಯಿತು ಎನ್ನಿ. ಗಾಳಿಗೆ ಕೊಡಬೇಕಾದ ಕಂದಾಯ 4 ವ್ಯಾಟಿಗೆ ಇಳಿಯುತ್ತದೆ. ಟೈರು ನೆಲಕ್ಕೆ ತಿಕ್ಕುವುದಕ್ಕೆ ಹತ್ತು ವ್ಯಾಟ್. ಭೂಮಿಯ ಸೆಳೆತಕ್ಕೆ 170! ಬೆನ್ನಿಗೆ ಅಂಟಿಕೊಂಡು ಉಳಿಸುವುದಕ್ಕೆ ಏನೂ ಉಳಿದಿಲ್ಲ. ಏರಿನಲ್ಲಿ ಯಾರೂ ಯಾರ ಮರೆಯಲ್ಲೂ ಬಚ್ಚಿಟ್ಟುಕೊಳ್ಳಲಾಗದು. ಸೈಕಲ್ ಪಂದ್ಯಗಳಲ್ಲಿ ನನಗೆ ಬೆಟ್ಟದ ಪಂದ್ಯವೇ ಪ್ರಾಮಾಣಿಕವಾಗಿ ಕಾಣುವುದು ಈ ಕಾರಣಕ್ಕೆ.

ಸೆಳೆತದ ಪಾಲು ಇಷ್ಟಿದ್ದರೆ ತೂಕ ಇಳಿಸಿದರಾಯಿತಲ್ಲ ಎನ್ನಬಹುದು. ಎಲ್ಲರೂ ಅದನ್ನೇ ಮಾಡುತ್ತಾರೆ. ಸೈಕಲ್ ಪಂದ್ಯಗಳ ಅಂತರರಾಷ್ಟ್ರೀಯ ಒಕ್ಕೂಟ ರೇಸಿನ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದು ಎಂದು ಗೆರೆ ಎಳೆಯಬೇಕಾಯಿತು. ನಮ್ಮ ಲೆಕ್ಕದ ಸ್ಪರ್ಧಿ ಒಂದು ಕಿಲೋ ಇಳಿಸಿದರೆ ಇಪ್ಪತ್ತೈದೂವರೆ ನಿಮಿಷದಲ್ಲಿ ಉಳಿಯುವುದು ಸುಮಾರು 20 ಸೆಕೆಂಡ್. ಪಂದ್ಯ ಗೆಲ್ಲುವವನಿಗೆ ಅದು ದೊಡ್ಡದು. ಮಿಕ್ಕವರು ಕಡಿಮೆ ತೂಕದ ಚಕ್ರಕ್ಕೆ ಅರವತ್ತು ಸಾವಿರ ಸುರಿದು, ಮುಕ್ಕಾಲು ಲೀಟರಿನ ನೀರಿನ ಬಾಟಲಿಯನ್ನು ತುಂಬಿಸಿಕೊಂಡೇ ಹತ್ತುವುದನ್ನು ನೋಡಿದ್ದೇನೆ. ಹೊಟ್ಟೆಯ ವಿಷಯ ಎತ್ತುವುದಿಲ್ಲ, ನನಗೂ ಇದೆ.

ಅದಕ್ಕಿಂತ ಅಗ್ಗದ, ಅದಕ್ಕಿಂತ ದೊಡ್ಡ ಲಾಭ ಹಿಂದಿನ ಚಕ್ರದ ಹಲ್ಲಿನಲ್ಲಿದೆ. ನಮ್ಮ ಮಾಮೂಲಿ ಕಪ್ಪು ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಐದು ಮೀಟರಿಗೂ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತದೆ. ಸಮತಟ್ಟಿಗೆ ಸರಿಯಾದ ಅಳತೆ. ರೇಸಿನ ಸೈಕಲ್ಲಿನಲ್ಲಿ ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲಿನ ಚಕ್ರಕ್ಕೆ ಚೈನು ಹಾಕಿದರೆ ಒಂದು ಸುತ್ತಿಗೆ ಹೋಗುವುದು ಎರಡು ಮೀಟರ್ ಚಿಲ್ಲರೆ. ಮೊದಲಿನ ಎಂಟರ ಏರಿನಲ್ಲಿ, ಅದೇ 10 ಕಿಲೋಮೀಟರ್ ವೇಗದಲ್ಲಿ, ಈ ಸವಾರ ನಿಮಿಷಕ್ಕೆ 79 ಸುತ್ತು ತುಳಿಯುತ್ತಾನೆ. ಪ್ರತಿ ತುಳಿತಕ್ಕೆ ಸರಾಸರಿ ಒತ್ತು 13 ಕಿಲೋ ಭಾರದಷ್ಟು. ಮಾಮೂಲಿ ಗೇರಿನವನು ನಿಮಿಷಕ್ಕೆ 31 ಸುತ್ತು ತುಳಿದರೆ ಸಾಕು, ಆದರೆ ಒತ್ತಬೇಕಾದ್ದು 34 ಕಿಲೋ ಭಾರದಷ್ಟು. ಅದೂ ಅವನ ಸೈಕಲ್ ಇಷ್ಟೇ ಹಗುರ ಎಂದು ಹಿಡಿದರೆ. ಇಬ್ಬರೂ ಮಾಡಿದ ಕೆಲಸ ಒಂದೇ, ವ್ಯಾಟೂ ಒಂದೇ. ಗೇರು ಒಂದು ಜೂಲನ್ನೂ ಹೆಚ್ಚಿಗೆ ಕೊಡುವುದಿಲ್ಲ, ದೊಡ್ಡ ಸಾಲವನ್ನು ಸಣ್ಣ ಸಣ್ಣ ಕಂತು ಮಾಡಿಕೊಡುತ್ತದೆ.

ಕಂತು ಸಣ್ಣದಾದರೆ ಕಾಲಿಗೇನು ಲಾಭ? ಸ್ನಾಯುವಿನಲ್ಲಿ ನಿಧಾನ ಎಳೆಗಳಿವೆ, ಚುರುಕು ಎಳೆಗಳಿವೆ. ನಿಧಾನ ಎಳೆಗಳು ಎತ್ತಿನ ಹಾಗೆ, ಆಮ್ಲಜನಕ ಸಿಗುತ್ತಿದ್ದರೆ ತಾಸುಗಟ್ಟಲೆ ದುಡಿಯುತ್ತವೆ. ಒತ್ತು ಜಾಸ್ತಿಯಾದಾಗ ಮಾತ್ರ ಚುರುಕು ಎಳೆಗಳು ಏಳುತ್ತವೆ. ಅವು ಬಲವಾಗಿ ಎಳೆದು ಬೇಗ ದಣಿಯುತ್ತವೆ. ಮೇಲಾಗಿ, ಗಟ್ಟಿಯಾಗಿ ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಸುಕುತ್ತದೆ. ಬೇಗ ಬೇಗ ಹಗುರಾಗಿ ತುಳಿದರೆ ಕಾಲು ಉಳಿಯುತ್ತದೆ, ಶ್ವಾಸಕ್ಕೆ ಸ್ವಲ್ಪ ಹೆಚ್ಚು ಕೆಲಸ ಬೀಳುತ್ತದೆ. ಏದುಸಿರು ನಿಮಿಷ ಎರಡು ನಿಮಿಷದಲ್ಲಿ ಇಳಿಯುತ್ತದೆ, ಸತ್ತ ತೊಡೆ ಆ ದಿನಕ್ಕೆ ಮತ್ತೆ ಬದುಕುವುದಿಲ್ಲ.

ಇಷ್ಟು ಸರಳ ಸತ್ಯವನ್ನು ಸೈಕಲ್ ಲೋಕ ಒಪ್ಪಿಕೊಳ್ಳಲು ದಶಕಗಳೇ ಬೇಕಾದವು. ಫ್ರಾನ್ಸಿನ ಸೇಂಟ್ ಎಟಿಯೆನ್ ಊರಿನ ಪಾಲ್ ದ ವಿವಿ ಹಲವು ಗೇರುಗಳಿಗಾಗಿ ಬರೆದೂ ತುಳಿದೂ ವಾದಿಸಿದ. 1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ ಗುಡ್ಡಗಾಡಿನಲ್ಲಿ ಒಂದು ಪರೀಕ್ಷೆ ಏರ್ಪಡಿಸಿತು. ಒಂದೇ ಗೇರಿನ ಸೈಕಲ್ಲಿನಲ್ಲಿದ್ದ ಹೆಸರಾಂತ ಸವಾರ ಎಡ್ವರ್ಡ್ ಫಿಶರನನ್ನು ಮಾರ್ತ್ ಎಸ್ ಎಂಬ ಹೆಂಗಸು ಮೂರು ಗೇರಿನ ಸೈಕಲ್ಲಿನಲ್ಲಿ ಹಿಂದೆ ಹಾಕಿದಳು. ಆದರೂ ಟೂರ್ ಡಿ ಫ್ರಾನ್ಸ್ ಪಂದ್ಯ ಸ್ಥಾಪಿಸಿದ ಆನ್ರಿ ದೆಗ್ರಾಂಜನ ಮನಸ್ಸು ಕರಗಲಿಲ್ಲ. ಗೇರು ಬದಲಿಸುವುದು ನಲವತ್ತೈದು ದಾಟಿದವರಿಗೆ, ಪಂದ್ಯ ಗೆಲ್ಲಬೇಕಾದ್ದು ತೋಳು ತೊಡೆಯ ಬಲದಿಂದ ಎಂಬುದು ಆತನ ನಿಲುವು. ಹೀಗಾಗಿ ಟೂರಿನ ಸವಾರರು ಹಿಂದಿನ ಚಕ್ರದ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಹಲ್ಲಿನ ಚಕ್ರ ಕಟ್ಟಿಕೊಂಡಿರುತ್ತಿದ್ದರು. ಘಾಟಿಯ ಬುಡದಲ್ಲಿ ಇಳಿದು, ಚಿಟ್ಟೆ ನಟ್ಟು ಬಿಚ್ಚಿ, ಚಕ್ರವನ್ನೇ ತಿರುಗಿಸಿ ಹಾಕಿ ಮತ್ತೆ ಹತ್ತಬೇಕಿತ್ತು. ಆಲ್ಪ್ಸ್‌ನ ಚಳಿಯಲ್ಲಿ ಮರಗಟ್ಟಿದ ಬೆರಳಿನಿಂದ ನಟ್ಟು ಬಿಚ್ಚುವುದನ್ನು ಊಹಿಸಿಕೊಳ್ಳಿ. ಓಡುವಾಗಲೇ ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರಿಗೆ ಟೂರ್ ಬಾಗಿಲು ತೆರೆದದ್ದು 1937ರಲ್ಲಿ. ನಮ್ಮ ಹುಲ್ಲಿನ ಹುಡುಗ ದೆಗ್ರಾಂಜನಿಗಿಂತ ಜಾಣ ಎಂದೇ ನನ್ನ ತೀರ್ಮಾನ.

ಘಾಟಿ ರಸ್ತೆಯನ್ನು ಗೇರು ಎಂದೆನಲ್ಲ, ಅದರಲ್ಲೂ ಚಿಕ್ಕ ಗೇರು ದೊಡ್ಡ ಗೇರು ಇದೆ. ಟೂರಿನ ಪ್ರಸಿದ್ಧ ಏರು ಆಲ್ಪ್ ದುಯೆಜ್‌ನಲ್ಲಿ 13.8 ಕಿಲೋಮೀಟರಿಗೆ 21 ಹೇರ್‌ಪಿನ್ ತಿರುವು, ಸರಾಸರಿ ನೂರಕ್ಕೆ ಎಂಟರಷ್ಟು ಏರು. 1952ರಲ್ಲಿ ಮೊದಲ ಸಲ ಅಲ್ಲಿ ಗೆದ್ದವನು ಫೌಸ್ತೊ ಕೊಪ್ಪಿ. ನಮ್ಮ ಹತ್ತಿರದಲ್ಲಿ ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿಗೆ 36 ತಿರುವು. ಇಂಥ ತಿರುವಿನ ಒಳ ಅಂಚು ಮತ್ತು ಹೊರ ಅಂಚು ಏರುವ ಎತ್ತರ ಒಂದೇ. ಆದರೆ ಒಳ ಅಂಚಿನ ದಾರಿ ತೀರ ಚಿಕ್ಕದು, ಹಾಗಾಗಿ ಗೋಡೆಯಂತೆ ಕಡಿದು. ಹೊರ ಅಂಚು ಉದ್ದ, ಹಾಗಾಗಿ ಮೆತ್ತಗೆ. ರಸ್ತೆ ಮುಚ್ಚಿ ನಡೆಸುವ ಪಂದ್ಯದಲ್ಲಿ ಅನುಭವಿಗಳು ಕೆಲವು ಮೀಟರ್ ಹೆಚ್ಚಾದರೂ ಹೊರಗಿನಿಂದ ಬಳಸಿ, ಅಲ್ಲಿ ಎರಡು ಉಸಿರು ಎಳೆದುಕೊಳ್ಳುತ್ತಾರೆ. ವಾಹನ ಓಡಾಡುವ ದಿನ ಈ ಆಯ್ಕೆ ಇಲ್ಲ. ಎಡಗಡೆಯೇ ಹತ್ತಬೇಕಾದ ನಮ್ಮ ದೇಶದಲ್ಲಿ ಎಡಕ್ಕೆ ತಿರುಗುವ ಪ್ರತಿ ಹೇರ್‌ಪಿನ್ನಿನಲ್ಲೂ ಸೈಕಲ್ಲಿನವನಿಗೆ ಸಿಗುವುದು ಕಡಿದಾದ ಒಳ ಅಂಚೇ.

ಅಂಥ ಒಂದು ಎಡ ತಿರುವಿನಲ್ಲೇ ನಾನು ಮೊದಲ ಸಲ ನಂದಿಯಲ್ಲಿ ಸೈಕಲ್ಲಿನಿಂದ ಇಳಿದದ್ದು. ಬೆರಳು ಇನ್ನೊಂದು ಗೇರಿಗಾಗಿ ಲಿವರನ್ನು ತಡಕಿತು, ಲಿವರ್ ಕದಲಲಿಲ್ಲ, ಕೊನೆಯ ಹಲ್ಲಿನಲ್ಲಿ ಆಗಲೇ ಇದ್ದೆ. ಆ ಸೈಕಲ್ಲಿನ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಇದ್ದದ್ದು 25 ಹಲ್ಲು.

ಬೆಟ್ಟದ ಪಂದ್ಯಕ್ಕೆ ಹೆಸರು ಕೊಡುವ ಮೊದಲು ಸೈಕಲ್ಲನ್ನು ಗೋಡೆಗೆ ಒರಗಿಸಿ ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲು ಎಣಿಸಿ. 28ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಮೆಕ್ಯಾನಿಕ್ ಹತ್ತಿರ ಹೋಗಿ, ಇರುವ ಡಿರೇಲರ್ 32 ಅಥವಾ 34ನ್ನು ತಾಳುತ್ತದೆಯೇ ಎಂದು ಕೇಳಿ. ತಾಳುತ್ತದೆ ಎಂದರೆ ಅದನ್ನೇ ಹಾಕಿಸಿ. ಕಾರ್ಬನ್ ಚಕ್ರದ ಮಾತು ಮುಂದಿನ ವರ್ಷಕ್ಕಿರಲಿ.