ಗ್ರಾಫಿಕ್ ಡಿಸೈನ್: ನಕಲಿನಿಂದ ಸ್ವಂತ ಕೈಯವರೆಗೆ

ರಬೀಉಲ್ ಅವ್ವಲ್ ತಿಂಗಳು ಬಂತೆಂದರೆ ನಮ್ಮ ಮೊಬೈಲಿಗೆ ದಿನಕ್ಕೆ ಹತ್ತಿಪ್ಪತ್ತು ಪೋಸ್ಟರ್‌ಗಳು ಬಂದು ಬೀಳುತ್ತವೆ. ಹಸಿರು ಗುಂಬಝ್, ಚಿನ್ನದ ಬಣ್ಣದ ಅಕ್ಷರ, ಮೂಲೆಯಲ್ಲೊಂದು ಲಾಟೀನು, ಕೆಳಗೆ ಸಾಲಾಗಿ ಅತಿಥಿಗಳ ಫೋಟೋ. ಊರಿನ ಹೆಸರು ಮುಚ್ಚಿಟ್ಟರೆ ಯಾವುದು ಉಳ್ಳಾಲದ್ದು, ಯಾವುದು ಬಂಟ್ವಾಳದ್ದು ಎಂದು ಮಾಡಿದವನಿಗೂ ಗೊತ್ತಾಗಲಿಕ್ಕಿಲ್ಲ.

ಕೆಲವು ವರ್ಷಗಳ ಹಿಂದೆ ಹೀಗೆ ಬಂದ ಒಂದು ಪೋಸ್ಟರ್ ನೋಡಿ ನಾವು ಬೆಚ್ಚಿಬಿದ್ದೆವು. ಮೇಲೆ ಬಿಸ್ಮಿ ಬರೆದಿತ್ತು. ಆದರೆ ಅಕ್ಷರಗಳೆಲ್ಲ ಬಿಡಿಬಿಡಿ, ಅದೂ ಎಡದಿಂದ ಬಲಕ್ಕೆ! ಮದ್ರಸದ ಒಂದನೇ ಕ್ಲಾಸಿನ ಮಗುವೂ ನಗಬೇಕು. ಮಾಡಿದವರು ಯಾರೆಂದು ವಿಚಾರಿಸಿದರೆ ನಮ್ಮ ಬಳಿಯೇ ಕಲಿತ ಹುಡುಗ. ಪಿಯುಸಿ ಮುಗಿಸಿ ಪೇಟೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕರೆಸಿ ಕೇಳಿದೆವು: "ಇದೆಂತ ಮಾರಾಯ? ಇಷ್ಟು ವರ್ಷ ನಿನಗೆ ಕಲಿಸಿದ್ದು ಇದನ್ನಾ?"

"ಕಾಪಿ ಮಾಡಿ ಪೇಸ್ಟ್ ಮಾಡಿದ್ದು ಉಸ್ತಾದ್, ಕಂಪ್ಯೂಟರಿನಲ್ಲಿ ಹಾಗೆ ಬಂತು. ಕಮಿಟಿಯವರು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿ ಬೆಳಿಗ್ಗೆ ಬೇಕು ಅಂದ್ರು. ಇನ್ನೊಮ್ಮೆ ನೋಡ್ಲಿಕ್ಕೆ ಪುರುಸೊತ್ತೇ ಇರ್ಲಿಲ್ಲ" ಅಂದ. ತಲೆ ತಗ್ಗಿಸಿ ನಿಂತವನು ಸ್ವಲ್ಪ ಹೊತ್ತು ಬಿಟ್ಟು ಮೆಲ್ಲ ಸೇರಿಸಿದ: "ದಿನಕ್ಕೆ ಏಳೆಂಟು ಪೋಸ್ಟರ್ ಮಾಡ್ತೇನೆ ಉಸ್ತಾದ್. ಒಂದೂ ನನ್ನದು ಅಂತ ಅನ್ನಿಸುದಿಲ್ಲ."

ಬೈಯಲೆಂದು ಕರೆಸಿದವರು ನಾವು. ಈ ಮಾತು ಕೇಳಿ ಸುಮ್ಮನಾದೆವು. ಇದು ಅವನೊಬ್ಬನ ಮಾತಲ್ಲ. ಇಂದು ನಮ್ಮ ಬ್ಯಾರಿ ಮನೆಗಳ ಎಷ್ಟೋ ಹುಡುಗರು, ಈಗ ಹುಡುಗಿಯರೂ, ಗ್ರಾಫಿಕ್ ಡಿಸೈನ್ ಕೆಲಸ ಹಿಡಿದಿದ್ದಾರೆ. ಮೊಬೈಲಿನಲ್ಲೇ ರೆಡಿ ಟೆಂಪ್ಲೇಟ್ ಸಿಗುತ್ತದೆ. ಹೆಸರು, ತಾರೀಕು ಬದಲಾಯಿಸಿದರೆ ಆಯಿತು. ಆದರೆ ಮಾಡಿದವನ ಗುರುತು ಅದರಲ್ಲಿ ಎಲ್ಲಿದೆ?

ಮೊದಲು ಅಕ್ಷರ ಸರಿಯಾಗಲಿ

ಅರಬಿಯಲ್ಲಿ ಒಂದೇ ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ನಡುವೆ ಇನ್ನೊಂದು, ಕೊನೆಯಲ್ಲಿ ಮತ್ತೊಂದು ರೂಪ ತಾಳುತ್ತದೆ. ಇದು ಗೊತ್ತಿಲ್ಲದ ಸಾಫ್ಟ್‌ವೇರಿಗೆ ಅರಬಿ ತುಂಬಿಸಿದರೆ ಅದು ಪ್ರತಿ ಅಕ್ಷರವನ್ನೂ ಒಂಟಿಯಾಗಿ ನಿಲ್ಲಿಸಿ, ಸಾಲನ್ನು ತಿರುಗಿಸಿಬಿಡುತ್ತದೆ. ಸೆಟ್ಟಿಂಗ್ ಬದಲಾಯಿಸಿದರೆ ಸರಿಯಾಗುವ ವಿಷಯ. ಆದರೆ ಬದಲಾಯಿಸಬೇಕೆಂದು ಗೊತ್ತಿರಬೇಕಲ್ಲ? ಕನ್ನಡದ್ದೂ ಇದೇ ಪಾಡು. ವಾಟ್ಸ್ಆ್ಯಪ್‌ನಲ್ಲಿ ಬಂದ ಯೂನಿಕೋಡ್ ಬರಹವನ್ನು ಹಳೆಯ ಸಾಫ್ಟ್‌ವೇರಿಗೆ ಹಾಕಿದರೆ ಒತ್ತಕ್ಷರ ಒಂದು ಕಡೆ, ಮೂಲಾಕ್ಷರ ಒಂದು ಕಡೆ.

ನಾವು ಅವನಿಗೆ ಹೇಳಿದ್ದು ಇಷ್ಟೇ: ಕಂಪ್ಯೂಟರ್ ನಮಗೆ ಬಾರದು, ಅಕ್ಷರ ನಿನಗೂ ಬರುತ್ತದೆ, ನಮಗೂ ಬರುತ್ತದೆ. ವಾರಕ್ಕೊಂದು ದಿನ ಇಶಾ ಆದ ಮೇಲೆ ಬಾ, ಕೂತು ಬರೆಯುವ.

ಖತ್ತಿನ ಉಸ್ತಾದರ ದಾರಿ

ಹೊಸತನ ಬೇಕೆಂದು ಬಂದವನಿಗೆ ನಾವು ಮೊದಲು ಹೇಳಿದ್ದು ನಕಲು ಮಾಡಲು! ಅವನಿಗೆ ಆಶ್ಚರ್ಯ. ಆದರೆ ಅರಬಿ ಖತ್ತ್, ಅಂದರೆ ಅಕ್ಷರಕಲೆಯ ಚರಿತ್ರೆಯೇ ಹಾಗೆ. ಬಗ್ದಾದಿನ ಅಬ್ಬಾಸಿ ಖಲೀಫರ ವಝೀರರಾಗಿದ್ದ ಇಬ್ನ್ ಮುಖ್ಲಾ (ಮರಣ ಕ್ರಿ.ಶ. 940) ಅಕ್ಷರಕ್ಕೆ ಅಳತೆ ಕೊಟ್ಟವರು. ಖಲಮಿನ ತುದಿಯನ್ನು ಕಾಗದಕ್ಕೆ ಒತ್ತಿದಾಗ ಬೀಳುವ ಚುಕ್ಕಿಯೇ ಅಳತೆಗೋಲು. ಅಲಿಫ್ ಎಷ್ಟು ಚುಕ್ಕಿ ಎತ್ತರ ಎಂದು ನಿಗದಿ ಮಾಡಿ, ಆ ಅಲಿಫನ್ನೇ ವ್ಯಾಸವಾಗಿಟ್ಟು ವೃತ್ತ ಎಳೆದು, ಉಳಿದ ಅಕ್ಷರಗಳ ಪ್ರಮಾಣವನ್ನು ಅದರಿಂದಲೇ ಹೇಳಿದರು. ಅವರ ನಂತರ ಬಂದ ಇಬ್ನುಲ್ ಬವ್ವಾಬ್ ನಿಯಮವನ್ನು ಒಡೆಯಲಿಲ್ಲ. ಅದರೊಳಗೇ ಇನ್ನಷ್ಟು ನಯ ತಂದರು. ಸುಮಾರು ಕ್ರಿ.ಶ. 1000ದಲ್ಲಿ ಅವರು ಬರೆದ ಮುಸ್‌ಹಫ್ ಇಂದಿಗೂ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ.

ಖತ್ತ್ ಕಲಿಯುವವನು ವರ್ಷಗಟ್ಟಲೆ ಉಸ್ತಾದರ ಬರಹವನ್ನೇ ತಿದ್ದುತ್ತಾನೆ. ಕೈ ಪಳಗಿತೆಂದು ಒಪ್ಪಿಗೆಯಾದರೆ ಉಸ್ತಾದರು ಇಜಾಝತ್ ಬರೆದು ಕೊಡುತ್ತಾರೆ. ಆಮೇಲಷ್ಟೇ ಅವನು ತನ್ನ ಬರಹದ ಕೆಳಗೆ 'ಕತಬಹು', ಅಂದರೆ 'ಇದನ್ನು ಬರೆದವನು' ಎಂದು ಹೆಸರು ಹಾಕಬಹುದು. ಇರಾಕಿನ ಪ್ರಸಿದ್ಧ ಹಾಶಿಮ್ ಅಲ್ ಬಗ್ದಾದಿ ಕೂಡ ಇಸ್ತಾಂಬುಲಿನ ಹಾಮಿದ್ ಐತಚ್ ಅವರಿಂದ ಇಜಾಝತ್ ಪಡೆದವರು. ಇಬ್ಬರದೂ ಒಂದೇ ನಿಯಮ. ಆದರೂ ಕಣ್ಣು ಪಳಗಿದವರು ಇಬ್ಬರ ಬರಹವನ್ನು ಬೇರೆ ಬೇರೆ ಗುರುತಿಸುತ್ತಾರೆ.

ಟೆಂಪ್ಲೇಟ್ ಇಳಿಸಿಕೊಳ್ಳುವುದೂ ನಕಲೇ, ಇದೂ ನಕಲೇ. ವ್ಯತ್ಯಾಸ ಎಲ್ಲಿ ಎಂದು ಅವನು ಕೇಳಿದ. ಟೆಂಪ್ಲೇಟಿನಲ್ಲಿ ಕೈಗೆ ಕೆಲಸವಿಲ್ಲ, ಹಾಗಾಗಿ ಕೈ ಏನೂ ಕಲಿಯುವುದಿಲ್ಲ. ಅಕ್ಷರವನ್ನು ನೂರು ಸಲ ತಿದ್ದಿದರೆ ಅದರ ಬಾಗು ಯಾಕೆ ಹಾಗಿದೆ ಎಂದು ತಿಳಿಯುತ್ತದೆ. ತಿಳಿದ ಮೇಲೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಾವೇ ತೀರ್ಮಾನಿಸಬಹುದು.

ನಮ್ಮ ದೇಶದ್ದೇ ಉದಾಹರಣೆ ಉಂಟು. 2010ರಲ್ಲಿ ಒಪ್ಪಿಗೆಯಾದ ರೂಪಾಯಿ ಚಿಹ್ನೆಯನ್ನು ಬಿಡಿಸಿದ ಡಿ. ಉದಯ ಕುಮಾರ್ ಬಾಂಬೆ ಐಐಟಿಯಲ್ಲಿ ವಿನ್ಯಾಸ ಕಲಿತವರು, ತಮ್ಮ ತಾಯ್ನುಡಿ ತಮಿಳಿನ ಅಕ್ಷರಗಳ ಮೇಲೆ ಅಧ್ಯಯನ ಮಾಡಿದವರು. ದೇವನಾಗರಿಯ 'ರ', ಇಂಗ್ಲಿಷಿನ 'ಆರ್' ಎರಡೂ ಆ ಚಿಹ್ನೆಯಲ್ಲಿವೆ. ನೋಡಿದರೆ ನಾಲ್ಕು ಗೆರೆ. ಅದರ ಹಿಂದೆ ವರ್ಷಗಟ್ಟಲೆ ಅಕ್ಷರ ನೋಡಿದ ಕಣ್ಣು ಇದೆ.

ರಂಝಾನ್ ಕಾರ್ಡ್

ನಮ್ಮ ಹುಡುಗನಿಗೆ ತನ್ನ ದಾರಿ ಸಿಕ್ಕಿದ್ದು ರಂಝಾನ್ ಸಮಯ ಪಟ್ಟಿಯಲ್ಲಿ. ಸಾಮಾನ್ಯ ಕಾರ್ಡ್ ನೀವೂ ನೋಡಿರುತ್ತೀರಿ. ಮೂವತ್ತು ಸಾಲು, ಸಾಲಿಗೆ ಆರೇಳು ಸಮಯ, ಹಿಂದೆ ಮಸೀದಿಯ ಚಿತ್ರ, ಸುತ್ತ ಜಾಹೀರಾತು. ಅವನ ಉಮ್ಮನ ಉಮ್ಮ ಆ ಕಾರ್ಡನ್ನು ಟ್ಯೂಬ್‌ಲೈಟಿನ ಹತ್ತಿರ ಹಿಡಿದು, ಕೊನೆಗೆ ಓದಲಾಗದೆ ಮೊಮ್ಮಗಳನ್ನು ಕರೆಯುವುದನ್ನು ಅವನು ಪ್ರತಿ ವರ್ಷ ನೋಡುತ್ತಿದ್ದ. ಆ ಸಲ ಹಿಂದಿನ ಚಿತ್ರ ತೆಗೆದ. ಸಹರಿ ಮತ್ತು ಇಫ್ತಾರ್ ಸಮಯ ದಪ್ಪ ಅಂಕಿಯಲ್ಲಿ, ಉಳಿದವು ಸಣ್ಣದಾಗಿ. ಶುಕ್ರವಾರದ ಸಾಲಿಗೆ ಮಾತ್ರ ತೆಳು ಹಸಿರು. ತಲೆಬರಹವನ್ನು ಯಾವ ಫಾಂಟನ್ನೂ ಬಳಸದೆ, ಕನ್ನಡದ ಉರುಟು ಅಕ್ಷರಗಳಲ್ಲಿ ಕೈಯಿಂದಲೇ ಬರೆದ.

ಕಮಿಟಿಯಲ್ಲಿ ಗಲಾಟೆಯಾಯಿತು. "ಇದೆಂತ ಖಾಲಿ ಖಾಲಿ? ಮಸೀದಿ ಎಲ್ಲಿ?" ಎಂದರು ಒಬ್ಬರು. ಫ್ಲೆಕ್ಸಿಗೆ ಚದರ ಅಡಿ ಲೆಕ್ಕದಲ್ಲಿ ಹಣ ಕೊಟ್ಟು ಅಭ್ಯಾಸವಾದವರಿಗೆ ಬಿಳಿ ಜಾಗವೆಂದರೆ ದಂಡ ಎಂಬ ಭಾವನೆ. ಕೊನೆಗೆ ಕೆಳಗೆ ಸಣ್ಣದೊಂದು ಮಿನಾರ ಹಾಕಿ ರಾಜಿಯಾಯಿತು. ಅವನಿಗೆ ಅದು ಇಷ್ಟವಿರಲಿಲ್ಲ. ಹಣ ಕೊಡುವವರು ಅವರು, ಏನು ಮಾಡುವುದು?

ಮುಂದಿನ ವರ್ಷ ಜನ ಅದೇ ಕಾರ್ಡ್ ಕೇಳಿಕೊಂಡು ಬಂದರು. ಹೊಗಳಿಕೆಗಿಂತ ಹೆಚ್ಚಾಗಿ ಅವನಿಗೆ ಒಂದು ವಿಷಯ ತಿಳಿಯಿತು. ತನ್ನ ಶೈಲಿ ಎಂದರೆ ಹೊಸ ಅಲಂಕಾರವಲ್ಲ, ಓದುವವನ ಕಣ್ಣಿಗೆ ಅಡ್ಡ ಬರುವುದನ್ನು ತೆಗೆದುಹಾಕುವುದು. ಈಗ ಅವನ ಕೆಲಸದಲ್ಲಿ ಎರಡು ಬಣ್ಣಕ್ಕಿಂತ ಹೆಚ್ಚಿರುವುದಿಲ್ಲ. ತಲೆಬರಹ ಕೈಬರಹದ್ದೇ. ನಿಕಾಹ್ ಕಾರ್ಡಿನಲ್ಲಿ ಎರಡು ಸಾಲನ್ನು ಬ್ಯಾರಿ ಭಾಷೆಯಲ್ಲೇ, ಕನ್ನಡ ಅಕ್ಷರದಲ್ಲಿ ಬರೆಯುತ್ತಾನೆ. ಕೆಳಗೆ ಹೆಸರು ಹಾಕದಿದ್ದರೂ "ಇದು ಅವನದ್ದಲ್ವಾ?" ಎಂದು ಕೇಳುವವರಿದ್ದಾರೆ.

ಹಾಗೆಂದು ಅವನೇನೂ ದೊಡ್ಡ ಹಣ ಮಾಡಿಲ್ಲ. ಅಂಗಡಿಯ ಕೆಲಸ ಬಿಟ್ಟಿಲ್ಲ. ಅಲ್ಲಿ ಹಗಲಿಡೀ ಚಿನ್ನದ ಅಕ್ಷರ, ಲಾಟೀನು ಹಾಕುವುದೇ. ಗಲ್ಫಿಗೆ ವೀಸಾ ನೋಡುವ ಎಂದು ಉಪ್ಪ ಈಗಲೂ ಹೇಳುತ್ತಾರೆ. ತಂಗಿಯ ಮದುವೆ ಬಾಕಿ ಇರುವ ಮನೆಯಲ್ಲಿ ಆ ಮಾತು ತಪ್ಪೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ.

ನಮ್ಮ ಪಾಲಿನ ತಪ್ಪು

ಇಷ್ಟೆಲ್ಲ ಬರೆದು ನಮ್ಮ ಪಾಲನ್ನು ಮುಚ್ಚಿಟ್ಟರೆ ಸರಿಯಾಗದು. ಮಜ್ಲಿಸ್ ಪೋಸ್ಟರ್ ಅಲ್ವಾ, ಪುಣ್ಯ ಸಿಗುತ್ತದೆ ಎಂದು ಎಷ್ಟೋ ಸಲ ಅವನಿಂದ ಫ್ರೀಯಾಗಿ ಮಾಡಿಸಿದವರಲ್ಲಿ ನಾವೂ ಇದ್ದೇವೆ. ಶಾಮಿಯಾನದವರಿಗೆ, ಮೈಕಿನವರಿಗೆ, ಅಡುಗೆಯವರಿಗೆ ಹಣ ಕೊಡುತ್ತೇವೆ. ಪೋಸ್ಟರ್ ಹುಡುಗನಿಗೆ ಮಾತ್ರ ದುಆ. ಕೂಲಿ ತಡ ಮಾಡಬಾರದೆಂದು ಮಕ್ಕಳಿಗೆ ಪಾಠ ಹೇಳುವವರೂ ನಾವೇ. ಒಂದು ಪೋಸ್ಟರಿನಲ್ಲಿ ನಮ್ಮ ಫೋಟೋ ಸಣ್ಣದಾಯಿತೆಂದು ಮುಖ ಊದಿಸಿದ್ದೂ ಉಂಟು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಹೀಗಿದ್ದರೆ ಒಬ್ಬ ಹುಡುಗ ತನ್ನ ಶೈಲಿ ಹುಡುಕುವುದು ಹೇಗೆ? ಅದಕ್ಕೆ ಸಮಯ ಬೇಕು, ಹೊಟ್ಟೆಗೆ ಹಿಟ್ಟು ಬೇಕು, ಸ್ವಲ್ಪ ನಂಬಿಕೆಯೂ ಬೇಕು.

ಈ ಕೆಲಸ ಹಿಡಿದ ಮಕ್ಕಳಿಗೆ ನಾವು ಹೇಳುವುದು: ಟೆಂಪ್ಲೇಟ್ ಮುಚ್ಚಿ, ದಿನಕ್ಕೆ ಅರ್ಧ ಗಂಟೆ ಕಾಗದದ ಮೇಲೆ ಅಕ್ಷರ ಬರೆಯಿರಿ. ಮಾಡಿದ್ದನ್ನು ಮನೆಯ ಹಿರಿಯರ ಕೈಗೆ ಕೊಟ್ಟು, ಅವರು ಓದುವುದನ್ನು ನೋಡಿರಿ. ಅರಬಿ ಹಾಕಿದರೆ ಅಚ್ಚಿಗೆ ಕೊಡುವ ಮೊದಲು ಬಲ್ಲವರಿಗೆ ತೋರಿಸಿರಿ, ನಮ್ಮ ಬಾಗಿಲು ತೆರೆದೇ ಇದೆ.

ಕಮಿಟಿಯವರಿಗೆ ಹೇಳುವುದು: ಮುಂದಿನ ಮಜ್ಲಿಸಿಗೆ ಒಂದು ವಾರ ಮೊದಲೇ ವಿಷಯ ಕೊಡಿ. ಹದಿನಾಲ್ಕು ಫೋಟೋ ಇರುವಲ್ಲಿ ನಾಲ್ಕಕ್ಕೆ ನಿಲ್ಲಿಸಿ. ಶಾಮಿಯಾನದ ಖರ್ಚು ಬರೆಯುವ ಅದೇ ಪುಸ್ತಕದಲ್ಲಿ ಪೋಸ್ಟರಿನ ಕೂಲಿಯನ್ನೂ ಬರೆಯಿರಿ. ನಮ್ಮ ಮದ್ರಸದ ಲೆಕ್ಕದ ಪುಸ್ತಕದಲ್ಲಿ ಈ ವರ್ಷ ಆ ಸಾಲು ಸೇರಿದೆ. ಹಳೆಯ ಬಾಕಿ ಇನ್ನೂ ಉಂಟು. ಅದನ್ನೂ ತೀರಿಸಬೇಕು.